ಗೋಡೆಯಾಚೆಯ ನಾತ

ಕನಕರಾಜನಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಊರಿಗೆ ಊರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಿರುಗಿದ ವರ್ಷದ ಜ್ವರದಲ್ಲಿ ಹೋದದ್ದು ಮತ್ತೆ ಬರಲಿಲ್ಲ. ಎಲ್ಲರಿಗೂ ಹೋಗಿತ್ತು, ಎಲ್ಲರಿಗೂ ಬಂತು. ನಿಮಗೂ ಬಂತಾ ಎಂದು ಹೆಂಡತಿ ವರಲಕ್ಷ್ಮಿ ಕೇಳಿದ ದಿನ ಬಂತು ಎಂದುಬಿಟ್ಟ. ಯಾಕೆ ಹಾಗೆ ಹೇಳಿದೆ ಎಂದು ಅವನು ಯೋಚಿಸಲು ಹೋಗಲಿಲ್ಲ. ಒಮ್ಮೆ ಹೇಳಿದ ಮೇಲೆ ನಡೆಸಿಕೊಂಡು ಹೋಗುವುದು ಅಂಥ ಕಷ್ಟವೂ ಆಗಲಿಲ್ಲ. ಸಾರಿಗೆ ಒಗ್ಗರಣೆ ಬಿದ್ದ ಸದ್ದು ಕೇಳಿದರೆ ಘಮ್ಮಂತಿದೆ ಎನ್ನುವುದು, ಹಾಲು ಸೀದು ಅವಳು ಎದ್ದು ಓಡಿದರೆ ತಾನೂ ಅರ್ಧ ಏಳುವುದು, ಚರಂಡಿ ಪಕ್ಕ ಜೊತೆಯವರು ಕರವಸ್ತ್ರ ತೆಗೆದರೆ ತಾನೂ ಜೇಬಿಗೆ ಕೈ ಹಾಕುವುದು. ಜನರ ಮುಖ ನೋಡಿಕೊಂಡಿದ್ದರೆ ಮೂಗಿನ ಕೆಲಸ ಮುಕ್ಕಾಲು ಪಾಲು ನಡೆದುಹೋಗುತ್ತದೆ.

ನಿಜ ಹೇಳಬೇಕೆಂದರೆ ಅದು ಹೋದದ್ದಕ್ಕೆ ಅವನಿಗೆ ದುಃಖವಾಗಲಿಲ್ಲ. ಶಿಡ್ಲಘಟ್ಟದಲ್ಲಿ ಹುಟ್ಟಿದವನಿಗೆ ಮೂಗು ಕೊಟ್ಟದ್ದಕ್ಕಿಂತ ಕಿತ್ತುಕೊಂಡದ್ದೇ ಹೆಚ್ಚು. ಅವನ ತಾಯಿ ನಾರಾಯಣಮ್ಮ ಇಪ್ಪತ್ತು ವರ್ಷ ಅಮೀರ್ ಜಾನ್ ಸಾಬರ ಚರಕದ ಮುಂದೆ ಕೂತು, ಕುದಿಯುವ ನೀರಿನಲ್ಲಿ ರೇಷ್ಮೆ ಗೂಡು ಆಡಿಸಿ ನೂಲು ಬಿಚ್ಚಿದವಳು. ನೂಲೆಲ್ಲ ಬಿಚ್ಚಿ ಹೋದ ಮೇಲೆ ಬಾಣಲೆಯಲ್ಲಿ ಉಳಿಯುವ ಬೆಂದ ಹುಳದ ವಾಸನೆ ಅವಳ ಸೀರೆಯಲ್ಲಿ, ಕೂದಲಲ್ಲಿ, ಅವಳು ಕಲಸಿಕೊಟ್ಟ ಮುದ್ದೆಯಲ್ಲಿ, ಅವಳ ಪಕ್ಕ ಮಲಗಿ ಎದ್ದ ಇವನ ಅಂಗಿಯಲ್ಲಿ ಇರುತ್ತಿತ್ತು. ಆರನೇ ಕ್ಲಾಸಿನಲ್ಲಿ ಇವನು ಕೂತ ಬೆಂಚಿನಿಂದ ಮಿಕ್ಕ ಮೂವರೂ ಎದ್ದು ಹೋಗಿದ್ದರು. ಮೇಷ್ಟ್ರು ಅವರನ್ನು ಗದರಿಸಲಿಲ್ಲ; ಕಿಟಕಿ ಪಕ್ಕ ಕೂತ್ಕೋ ಕಣಪ್ಪ ಕನಕರಾಜ, ಗಾಳಿ ಬರುತ್ತೆ ಎಂದು ಇವನನ್ನೇ ಎಬ್ಬಿಸಿದರು. ಒಳ್ಳೆಯ ಮೇಷ್ಟ್ರು. ಗಾಳಿ ಯಾರಿಗೆ ಬರಬೇಕಿತ್ತು ಎನ್ನುವುದು ಮಾತ್ರ ಎಲ್ಲರಿಗೂ ಅರ್ಥವಾಗಿತ್ತು. ಅವತ್ತು ಸಂಜೆ ಅವನು ಮನೆಗೆ ಹೋಗದೆ ಕೆರೆ ಏರಿಯ ಮೇಲೆ ಅಂಗಿ ಬಿಚ್ಚಿ ಕೂತಿದ್ದ. ಹುಡುಕಿಕೊಂಡು ಬಂದವರು ಅಮೀರ್ ಜಾನ್ ಸಾಬರ ಹೆಂಡತಿ ಷಮೀಮ್. ಏನೂ ಕೇಳದೆ ಅಂಗಿ ತೊಡಿಸಿ, ತಮ್ಮ ಸೆರಗಿನ ತುದಿಯಿಂದಲೇ ಅವನ ಮೂಗು ಒರೆಸಿ ಕರೆದುಕೊಂಡು ಬಂದಿದ್ದರು. ಆ ಸೆರಗಿಗೂ ಅದೇ ವಾಸನೆಯಿತ್ತು.

ಈ ಭಾನುವಾರ ಬೆಳಿಗ್ಗೆ ಅವನು ತನ್ನ ಮನೆಯ ಹಜಾರದಲ್ಲಿ, ನಾಲ್ಕಡಿ ಉದ್ದದ ಗಾಜಿನ ಟ್ಯಾಂಕಿನೊಳಗೆ ಭುಜದವರೆಗೆ ಕೈ ಇಳಿಬಿಟ್ಟು ಕಲ್ಲುಗಳ ಹಿಂದೆ ತಡಕಾಡುತ್ತಿದ್ದಾನೆ. ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಗಿದೆ. ವರಲಕ್ಷ್ಮಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಾಳೆ. ಮಗಳು ಲಾವಣ್ಯ ಮಹಡಿಯ ಮೇಲೆ ಹೋಗಿ ಬಾಗಿಲು ಹಾಕಿಕೊಂಡಿದ್ದಾಳೆ. ಹಿತ್ತಿಲ ಗೋಡೆಯಾಚೆ ಯಾರೋ ಕಬ್ಬಿಣದ ಮೇಲೆ ಸುತ್ತಿಗೆ ಹೊಡೆಯುತ್ತಿದ್ದಾರೆ. ಅದು ಯಾಕೆ ಎಂದು ಅವನಿಗೆ ಗೊತ್ತು. ಕೈಗೆ ಲೋಳೆಯಂಥದೇನೋ ಸಿಕ್ಕಿತು. ಹಿಡಿದರೆ ಬೆರಳ ಸಂದಿಯಲ್ಲೇ ಬಿರಿದು ನೀರಿನಲ್ಲಿ ಕದಡಿಹೋಯಿತು.

ಈ ಟ್ಯಾಂಕಿಗೆ ಆಸೆ ಪಟ್ಟದ್ದು ಚಿಕ್ಕಬಳ್ಳಾಪುರದ ಒಬ್ಬ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ. ದವಡೆ ಊದಿಸಿಕೊಂಡು ಕೂತಿದ್ದವನ ಎದುರು ಗೋಡೆಯುದ್ದಕ್ಕೂ ಸಮುದ್ರವಿತ್ತು. ಸಿಹಿನೀರಿನ ಕೆಂಪು ಮೀನಲ್ಲ. ಉಪ್ಪುನೀರು, ಹವಳ, ನೀಲಿ ಬೆಳಕು, ಗಾಳಿಯೇ ಇಲ್ಲದ ಕಡೆ ಗಾಳಿಗೆ ಆಡುವ ಹಾಗೆ ಆಡುವ ಬೆರಳುಗಳಂಥ ಜೀವಗಳು. ಅಲ್ಲಿ ಕೂತ ಪ್ರತಿಯೊಬ್ಬರೂ ಅದನ್ನು ನೋಡುತ್ತಿದ್ದರು, ಯಾರೂ ಮುಖ ಸಿಂಡರಿಸುತ್ತಿರಲಿಲ್ಲ. ಅಷ್ಟೊಂದು ಜೀವಗಳು ಒಂದೇ ಕಡೆ ತಿಂದು, ಕಕ್ಕಿ, ಸತ್ತು, ಹುಟ್ಟಿ, ಇಷ್ಟು ಶುಭ್ರವಾಗಿ ಗಾಜಿನಾಚೆಯೇ ಇರಬಹುದು ಎನ್ನುವುದು ಅವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನ ಮನೆಗೆ ಬಂದವರು ಮೊದಲು ಹಿತ್ತಿಲ ಕಡೆ ನೋಡುತ್ತಿದ್ದರು. ಮನೆ ಕಟ್ಟಿದ ಸೈಟು ಅಮೀರ್ ಜಾನ್ ಸಾಬರ ಹಿತ್ತಿಲಿನ ಅರ್ಧವೇ. ಅಮ್ಮ ಹಟ ಹಿಡಿದು ಅಲ್ಲೇ ಬೇಕೆಂದಿದ್ದಳು. ಅಮ್ಮನೂ ಹೋದಳು, ಸಾಬರೂ ಹೋದರು. ಗೋಡೆಯಾಚೆ ಷಮೀಮ್ ಮತ್ತು ಅವರ ಮಗ ಉಮರ್ ಫಾರೂಕ್ ಎರಡೇ ಚರಕ ಇಟ್ಟುಕೊಂಡು ನೂಲು ಬಿಚ್ಚುತ್ತಿದ್ದರು. ಹಿತ್ತಿಲ ಬದಲು ಜನ ನೋಡಬೇಕಾದ್ದು ಒಂದು ಹಜಾರದಲ್ಲಿರಲಿ ಎಂದು ಅವನಿಗೆ ಅನಿಸಿತು.

ಬೆಂಗಳೂರಿನ ಅಂಗಡಿಯವನು ಪಂಪು, ಬೆಳಕು, ಬಿಳಿ ಮರಳು, ಉಪ್ಪಿನ ಚೀಲ, ನೀರು ಪರೀಕ್ಷೆ ಮಾಡುವ ಪುಟ್ಟ ಸೀಸೆಗಳ ಡಬ್ಬಿ ಎಲ್ಲ ಕೊಟ್ಟು, ಜೊತೆಗೆ ಒದ್ದೆ ಕಾಗದದಲ್ಲಿ ಸುತ್ತಿದ ಕಲ್ಲುಗಳನ್ನೂ ಕೊಟ್ಟ. ಕಲ್ಲಲ್ಲ ಸಾರ್, ಇದರ ತುಂಬ ಜೀವ ಇದೆ ಎಂದ. ನೀರಲ್ಲಿಟ್ಟು ಎರಡು ತಿಂಗಳು ಸುಮ್ಮನಿರಬೇಕು, ಕಲ್ಲಿನೊಳಗಿನ ಸತ್ತದ್ದು ಕೊಳೆತು, ಕೊಳೆತದ್ದನ್ನು ತಿನ್ನುವಂಥದು ಬೆಳೆದು, ನೀರು ತಾನಾಗಿ ಮಾಗಬೇಕು, ಅಲ್ಲಿಯವರೆಗೆ ಮೀನು ಬಿಡಬಾರದು. ಆಮೇಲೆ ಕೊನೆಗೆ, ಬಿಲ್ಲು ಹರಿಯುತ್ತಾ, ಹೇಳಿದ: "ಸೀಸೆಗಿಂತ ನಿಮ್ಮ ಮೂಗೇ ಮೇಲು ಸಾರ್. ದಿನಾ ಮುಚ್ಚಳ ತೆಗೆದು ಮೂಸಿ ನೋಡಿ. ಸಮುದ್ರದ ವಾಸನೆ ಬಂದ್ರೆ ಸರಿ. ಕೊಳೆತ ವಾಸನೆ ಬಂತೋ, ಒಳಗೆ ಏನೋ ಸತ್ತಿದೆ ಅಂತ. ಮೊದ್ಲು ಅದನ್ನ ಹುಡುಕಿ ತೆಗೀರಿ." ಕನಕರಾಜ ತಲೆಯಾಡಿಸಿದ. ಅಂಗಡಿಯಲ್ಲಿ ಅವನಿಗೆ ಗುರುತಿನವರು ಯಾರೂ ಇರಲಿಲ್ಲ. ಅಲ್ಲಿ ಹೇಳಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ನನಗೆ ವಾಸನೆ ಬರಲ್ಲ ಎನ್ನುವ ಮೂರು ಮಾತು ಗಂಟಲಿನವರೆಗೆ ಬಂದವು, ಸೀಸೆಗಳ ಡಬ್ಬಿಯ ಮೇಲಿನ ಬಣ್ಣದ ಪಟ್ಟಿಯನ್ನು ನೋಡುತ್ತಾ ಅವನು ನುಂಗಿಕೊಂಡ.

ಊರಿನ ಬೋರ್‌ವೆಲ್ ನೀರು ಆಗುವುದಿಲ್ಲ ಎಂದು ಶುದ್ಧ ನೀರಿನ ಘಟಕದಿಂದ ಸ್ಕೂಟರಿನಲ್ಲಿ ಕ್ಯಾನು ಕ್ಯಾನು ಹೊತ್ತ. ಘಟಕ ನೋಡಿಕೊಳ್ಳುವ ಬಯ್ಯಪ್ಪ, ಮನೇಲಿ ಮದುವೆನಾ ಸಾರ್ ಎಂದು ಕೇಳಿ, ವಿಷಯ ತಿಳಿದ ಮೇಲೆ ನಗು ತಡೆಯಲಾರದೆ, "ಸಾವಿರದೈನೂರು ಅಡಿ ಕೊರೆದು ತೆಗೆದ ನೀರು ಸಾರ್. ಉಪ್ಪು ತೆಗೆಯಕ್ಕೆ ನಮ್ದು ಮಿಷನ್ನು, ಹಾಕಕ್ಕೆ ನೀವು" ಎಂದ. ಸಾಲಿನಲ್ಲಿ ನಿಂತಿದ್ದ ಹೆಂಗಸರು ನಕ್ಕರು. ಕನಕರಾಜನೂ ನಕ್ಕ. ಮರುದಿನದಿಂದ ಬೇರೆ ಬೀದಿಯ ಘಟಕಕ್ಕೆ ಹೋದ. ದೊಡ್ಡ ಡ್ರಮ್ಮಿನಲ್ಲಿ ಉಪ್ಪು ಕದಡಿ, ತುಂಬಿಸಿ, ಕಲ್ಲು ಜೋಡಿಸಿ, ನೀಲಿ ಬೆಳಕು ಹಾಕಿದ ಸಂಜೆ ಲಾವಣ್ಯ ಅಪ್ಪನ ತೋಳಿಗೆ ತಲೆ ಆನಿಸಿ ನೋಡಿದಳು. ಏನೂ ಇಲ್ವಲ್ಲಪ್ಪ ಎಂದಳು. ಬರುತ್ತೆ ಎಂದ. ಅಷ್ಟು ಚೆನ್ನಾದ ಸಂಜೆ ಆ ಮನೆಯಲ್ಲಿ ಮತ್ತೆ ಆಗಲಿಲ್ಲ.

ಎರಡು ತಿಂಗಳು ಕಾಯುವುದು ಅವನಿಂದ ಆಗಲಿಲ್ಲ. ಅವನು ಗುಮಾಸ್ತನಾಗಿದ್ದ, ಊರಿನ ಕಸುಬುಗಳಿಗೆ ಲೈಸೆನ್ಸ್ ಕೊಡುವ ಸರ್ಕಾರಿ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ಸಿದ್ಧಾರ್ಥ್, ವಯಸ್ಸಿನಲ್ಲಿ ಇವನಿಗಿಂತ ಎಷ್ಟೋ ಚಿಕ್ಕವನು, ಟ್ಯಾಂಕಿನ ಸುದ್ದಿ ಕೇಳಿ ಒಂದಿನ ಬಂದು ನೋಡ್ತೀನ್ರೀ ಎಂದುಬಿಟ್ಟಿದ್ದ. ಬರಿ ಕಲ್ಲು ತೋರಿಸುವುದು ಹೇಗೆ? ಮೂರನೇ ವಾರಕ್ಕೇ ಕನಕರಾಜ ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಜೋಡಿ ಮೀನು ತಂದ. ಒಂದು ನೀಲಿ ಮೀನು, ಒಂದು ಸೀಗಡಿ, ಐದು ತುಂಡು ಹವಳ ತಂದ. ಜೋಡಿ ಮೀನು ಕೂರುವುದಕ್ಕೆಂದು ಅನಿಮೋನ್ ಎನ್ನುವ, ಹೂವಿನ ಹಾಗೆ ಕಾಣುವ, ಹೂವಲ್ಲದ ಪ್ರಾಣಿಯನ್ನೂ ತಂದ. ಅದನ್ನು ಈಗಲೇ ಬೇಡ ಎಂದು ಅಂಗಡಿಯವನು ಹೇಳಿದ್ದ. ಕೆಲವು ದಿನ ಅದು ಎಸಳು ಬಿಚ್ಚಿ ಆಡಿತು. ಆಮೇಲೆ ಒಂದು ಬೆಳಿಗ್ಗೆ ಜಾಗದಲ್ಲಿರಲಿಲ್ಲ. ತಾನೇ ತೆವಳಿಕೊಂಡು ಕಲ್ಲುಗಳ ಹಿಂದೆ, ಕಾಣದ ಮೂಲೆಗೆ ಹೋಗಿ ಸೇರಿತ್ತು. ಇಷ್ಟವಾದ ಜಾಗ ಹುಡುಕಿಕೊಳ್ಳುತ್ತೆ ಎಂದು ಎಲ್ಲೋ ಓದಿದ್ದನ್ನು ಅವನು ಮಗಳಿಗೆ ಹೇಳಿದ. ಬೇಕಾದಾಗ ಈಚೆ ಬರುತ್ತೆ ಎಂದ.

ಮನೆಯಲ್ಲಿ ಏನೋ ವಾಸನೆ ಎಂದು ವರಲಕ್ಷ್ಮಿ ಅಂದದ್ದು ಅದಾದ ಎರಡು ದಿನಕ್ಕೆ. ಇಲಿ ಸತ್ತಿರಬಹುದೆಂದು ಅಟ್ಟ ಹುಡುಕಿದಳು, ಸಿಂಕಿಗೆ ಬಿಸಿನೀರು ಹೊಯ್ದಳು. ಅವನು ಪೇಪರಿನಿಂದ ತಲೆ ಎತ್ತಲಿಲ್ಲ. ಅವಳ ಮುಖ ನೋಡಿ ವಾಸನೆ ಇದೆ ಎನ್ನುವುದು ತಿಳಿಯುತ್ತಿತ್ತು, ಯಾವುದರದು ಎನ್ನುವುದು ಮುಖದ ಮೇಲೆ ಬರೆದಿರುವುದಿಲ್ಲ. "ಟ್ಯಾಂಕಿಂದೇ ಏನೋ ನೋಡಿ ಅಂದ್ರೆ" ಎಂದು ಮೂರನೇ ಸಲ ಅವಳು ಅಂದಾಗ ಅವನು ಎದ್ದು, ಮುಚ್ಚಳ ಸರಿಸಿ, ಬಗ್ಗಿ, ಎದೆ ತುಂಬ ಉಸಿರೆಳೆದ. ತಣ್ಣನೆ ಗಾಳಿ ಮೂಗಿನೊಳಗೆ ಹೋಗಿ ಬಂತು. ಅಷ್ಟೇ.

"ಇದು ಸಮುದ್ರದ ವಾಸನೆ. ನೀನು ಹೇಳ್ತಿರೋದು ಹುಳದ್ದು, ಷಮೀಮಮ್ಮನ ಕಡೆಯಿಂದ."

"ಹುಳದ್ದು ಹೀಗಿರಲ್ಲ ರೀ."

"ಗೌರಿಬಿದನೂರಿನವಳು ನೀನು, ನಿಂಗೇನು ಗೊತ್ತು ಹುಳದ ವಾಸನೆ? ನಾನು ಅದರಲ್ಲೇ ಹುಟ್ಟಿದೋನು."

ಅವಳು ಸಿಂಕಿನ ಕಡೆ ತಿರುಗಿದಳು. ಹದಿನಾಲ್ಕು ವರ್ಷದಿಂದ ಆ ವಾಸನೆಯ ಪಕ್ಕದಲ್ಲೇ ಅಡುಗೆ ಮಾಡಿ, ಬಟ್ಟೆ ಒಣಹಾಕಿ, ಮಗು ಹೆತ್ತವಳು. ಆದರೂ ಗಂಡ ಹುಟ್ಟಿನ ಮಾತೆತ್ತಿದ ಮೇಲೆ ಏನು ಹೇಳುವುದು? ಹುಟ್ಟನ್ನು ಮುಚ್ಚಿಡಲು ಅಷ್ಟು ಪಾಡು ಪಟ್ಟವನು ಒಂದು ಸುಳ್ಳು ನಿಲ್ಲಿಸಲು ಅದನ್ನೇ ಮುಂದಿಟ್ಟದ್ದು ಕನಕರಾಜನಿಗೆ ಆಗಲೇ ತಿಳಿಯಿತು. ತಿಳಿದು, ಪೇಪರು ಮಡಿಸಿ, ಕಚೇರಿಗೆ ಹೊರಟ.

ಸಿದ್ಧಾರ್ಥ್ ಬಂದದ್ದು ಗುರುವಾರ ಸಂಜೆ. ಹೊಸಲು ದಾಟುತ್ತಿದ್ದಂತೆ ಅವನ ನಗು ಅರ್ಧಕ್ಕೆ ನಿಂತಿತು. ಟ್ಯಾಂಕಿನ ಹತ್ತಿರ ಬಂದು ವಾಹ್ ಎಂದ, ಆದರೆ ಜೇಬಿನಿಂದ ಕರವಸ್ತ್ರ ಬಂದಿತ್ತು. ಅದನ್ನು ಮೂಗಿಗೆ ಒತ್ತಿಕೊಂಡ ರೀತಿ ಕನಕರಾಜನಿಗೆ ಚೆನ್ನಾಗಿ ಗೊತ್ತಿತ್ತು. ಬೆಂಚಿನಿಂದ ಎದ್ದು ಹೋದ ಮೂವರಲ್ಲಿ ಒಬ್ಬನು ಹೀಗೇ, ನೋಯಿಸಬಾರದೆಂದು, ನೆಗಡಿಯವನ ಹಾಗೆ ಒತ್ತಿಕೊಂಡಿದ್ದ. ವರಲಕ್ಷ್ಮಿ ಕಾಫಿ ತಂದು ಇಟ್ಟಳು. ಸಿದ್ಧಾರ್ಥ್ ಲೋಟ ಮುಟ್ಟಲಿಲ್ಲ. ಏನ್ರೀ ಕನಕರಾಜ್ ಇದು ಎಂದು ಕೇಳಿದ. ಹಿಂದೆ ರೀಲಿಂಗ್ ಮನೆ ಇದೆ ಸಾರ್, ಹುಳ ಬೇಯಿಸ್ತಾರೆ ಎಂದು ಇವನು ಹೇಳಿದ. ಹೇಳುವಾಗ ತಾನೂ ಕರವಸ್ತ್ರ ತೆಗೆದ. "ಮನೆಗಳ ಮಧ್ಯೆನಾ? ನೀವು ಹೇಳೋದಲ್ವಾ ಅವರಿಗೆ? ನಮ್ಮ ಆಫೀಸಲ್ಲೇ ಇದ್ದುಕೊಂಡು..." ಎಂದು ಅವನು ನಿಲ್ಲಿಸಿದ. ಅವನ ಮಾತಿನಲ್ಲಿ ಅಪ್ಪಣೆಯಿರಲಿಲ್ಲ, ಬರೀ ಆಶ್ಚರ್ಯವಿತ್ತು. ಕನಕರಾಜ ಎದ್ದು ಹಿತ್ತಿಲ ಬಾಗಿಲು ತೆಗೆದ.

ಗೋಡೆಯ ಮಧ್ಯೆ ಅಮ್ಮನ ಕಾಲದಿಂದ ಬಿಟ್ಟ ಕಂಡಿಯಿತ್ತು, ಒಬ್ಬರು ಓರೆಯಾಗಿ ದಾಟುವಷ್ಟು. ದಾಟಿದವನು ಮೊದಲು ನೋಡಿದ್ದು ಒಲೆಯನ್ನು. ಒಲೆ ತಣ್ಣಗಿತ್ತು. ಬೂದಿಯ ಮೇಲೆ ಬೆಕ್ಕು ಮಲಗಿತ್ತು. ಬಾಣಲೆಗಳನ್ನು ತೊಳೆದು ಬೋರಲು ಹಾಕಿದ್ದರು, ಅವುಗಳ ಬೆನ್ನ ಮೇಲೆ ಧೂಳು. ಎರಡೂ ಚರಕಗಳಿಗೆ ಹಳೆಯ ಚಾದರ ಹೊದಿಸಿತ್ತು. ಹುಳದ ಮೂಟೆ ಇಡುವ ಮೂಲೆಯಲ್ಲಿ ಮೂಟೆಯಿರಲಿಲ್ಲ. ಜಗಲಿಯ ಮೇಲೆ ಎರಡು ಚೀಲ, ಒಂದು ಪ್ಲಾಸ್ಟಿಕ್ ಬುಟ್ಟಿ, ಆಗಷ್ಟೇ ಇಳಿಸಿದ್ದು. ಷಮೀಮ್ ಬುರ್ಖಾ ಕಳಚಿ ಮಡಿಸುತ್ತಿದ್ದರು.

"ಬಾ ಕನಕಾ. ಈಗ ಬಂದ್ವಿ ನೋಡು, ಚಿಂತಾಮಣಿಯಿಂದ. ಮದುವೆ ಅಂತ ಒಂದು ವಾರ ಅಲ್ಲೇ ಹಿಡ್ಕೊಂಡ್ರು" ಎಂದು ಮೆಲ್ಲಗೆ ಹೇಳುತ್ತಾ, ಲಾವಣ್ಯನಿಗೆ ಮಿಠಾಯಿ ತಂದಿದ್ದೇನೆಂದು ಬುಟ್ಟಿಗೆ ಕೈ ಹಾಕಿದರು.

ಒಂದು ವಾರ. ಅಲ್ಲಿಂದ ಹಿಂದಕ್ಕೆ ಬರಬಹುದಿತ್ತು. ಮಿಠಾಯಿ ಇಸಿದುಕೊಂಡು, ಮದುವೆ ಹೇಗಾಯಿತು ಎಂದು ಕೇಳಿ, ಹಿಂದಕ್ಕೆ ಬಂದು, ಸಾರ್ ಅದು ನಮ್ಮ ಟ್ಯಾಂಕಿಂದೇ ಎನ್ನಬಹುದಿತ್ತು. ಆದರೆ ಬೆನ್ನ ಹಿಂದೆ ಹಿತ್ತಿಲ ಬಾಗಿಲಲ್ಲಿ ಸಿದ್ಧಾರ್ಥ್ ಕರವಸ್ತ್ರ ಹಿಡಿದು ನಿಂತದ್ದು ಅವನ ಕತ್ತಿಗೆ ತಿಳಿಯುತ್ತಿತ್ತು. ಕನಕರಾಜನ ದನಿ, ಆ ದೂರಕ್ಕೆ ಕೇಳಿಸಬೇಕಾದಷ್ಟು, ಏರಿತು.

"ನಿಮ್ಮ ಹುಳದ ನಾತಕ್ಕೆ ಮನೇಲಿ ಕೂತ್ಕೊಳ್ಳೋ ಹಾಗಿಲ್ಲ. ಮರ್ಯಾದಸ್ಥರು ಬಂದು ಹೋಗೋ ಮನೆ ಅದು. ಎಷ್ಟು ವರ್ಷ ಅಂತ ಸಹಿಸ್ಕೊಳ್ಳೋದು? ಲೈಸೆನ್ಸ್ ಕಾಗದ ನಮ್ಮ ಮೇಜಿನ ಮೇಲೇ ಬರುತ್ತೆ, ನೆನಪಿರಲಿ."

ಒಳಗಿಂದ ಬಂದ ಉಮರ್ ಫಾರೂಕ್ ಒಲೆಯ ಕಡೆ ನೋಡಿದ, ಇವನ ಕಡೆ ನೋಡಿದ. "ಏನ್ ಸಾರ್ ಹೇಳ್ತಿದ್ದೀರಾ, ನಾವು ಊರಲ್ಲೇ..." ಎಂದವನ ಮೊಣಕೈಯನ್ನು ಷಮೀಮ್ ಹಿಡಿದರು. ಅವರು ಕನಕರಾಜನ ಹೆಗಲ ಮೇಲಿಂದ ಆಚೆ, ಬಾಗಿಲಲ್ಲಿ ನಿಂತವನನ್ನು ಒಮ್ಮೆ ನೋಡಿದರು. ಆಮೇಲೆ ಇವನ ಮುಖವನ್ನು ನೋಡಿದರು, ತುಂಬ ಹೊತ್ತೇನಲ್ಲ. ಕೆರೆ ಏರಿಯ ಮೇಲೆ ಅಂಗಿ ತೊಡಿಸುವಾಗಲೂ ಹೀಗೇ ಏನೂ ಕೇಳದೆ ನೋಡಿದ್ದರು.

"ಆಯ್ತಪ್ಪ. ತೆಗೆಸ್ತೀವಿ," ಎಂದರು, ಅವರೂ ಈಗ ಆ ದೂರಕ್ಕೆ ಕೇಳಿಸುವ ಹಾಗೆ.

ವಾಪಸು ಬಂದಾಗ ಸಿದ್ಧಾರ್ಥ್ ಅವನ ಬೆನ್ನು ತಟ್ಟಿ, ಹೀಗೇ ಹೇಳಬೇಕು, ಇಲ್ಲಾಂದ್ರೆ ಕೇಳಲ್ಲ ಎಂದು ಹೊರಟುಹೋದ. ವರಲಕ್ಷ್ಮಿ ಮುಟ್ಟದ ಕಾಫಿಯನ್ನು ಸಿಂಕಿಗೆ ಸುರಿದಳು. ಮಿಠಾಯಿ ಡಬ್ಬಿ ಗೋಡೆಯ ಕಂಡಿಯಲ್ಲಿ ಇಟ್ಟಿತ್ತು. ಯಾರು ಯಾವಾಗ ಇಟ್ಟರೋ, ಅವಳು ಹೋಗಿ ತಂದು ಕಪಾಟಿನಲ್ಲಿಟ್ಟಳು.

ಅವತ್ತೇ ಅವನು ಕಲ್ಲು ಎತ್ತಿ ಹುಡುಕಿದ್ದರೆ ಮೀನುಗಳಾದರೂ ಉಳಿಯುತ್ತಿದ್ದವು. ಇದು ಅವನಿಗೆ ಈಗ, ಭಾನುವಾರ, ಹೊಳೆದದ್ದಲ್ಲ. ಗುರುವಾರವೇ ಗೊತ್ತಿತ್ತು. ಸೀಸೆಗಳ ಡಬ್ಬಿ ಕೈಗೆ ಸಿಗುವಲ್ಲೇ ಇತ್ತು, ಹನಿ ಬಿಟ್ಟರೆ ಕೊಳೆತ ನೀರು ಹಸಿರಾಗುತ್ತದೆ ಎಂದು ಗೊತ್ತಿದ್ದೇ ಅವನು ಬಿಡಲಿಲ್ಲ. ಟ್ಯಾಂಕಿನಿಂದ ಕೊಳೆತದ್ದನ್ನು ತೆಗೆದರೆ ಕೊಳೆತದ್ದು ಟ್ಯಾಂಕಿನಲ್ಲಿತ್ತು ಎಂದಾಗುತ್ತದೆ. ಆಮೇಲೆ ಮನೆಯ ವಾಸನೆ ಹೋಗುತ್ತದೆ. ಹೋದರೆ ವರಲಕ್ಷ್ಮಿಗೆ ತಿಳಿಯುತ್ತದೆ. ಆದ್ದರಿಂದ ಶುಕ್ರವಾರ ಕಚೇರಿಗೆ ಹೋಗಿ ಬಂದ. ಶನಿವಾರ ನೀಲಿ ಮೀನು ಪಂಪಿನ ಬಾಯಿಗೆ ಅಂಟಿಕೊಂಡಿತ್ತು. ಜೋಡಿ ಮೀನು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚಿ ಮಾಡುತ್ತಿದ್ದವು. ಲಾವಣ್ಯ ಅಪ್ಪಾ ಏನಾದ್ರೂ ಮಾಡಪ್ಪ ಎಂದು ಅವನ ಅಂಗಿ ಹಿಡಿದು ಜಗ್ಗಿದಳು. ನೀರು ಹೊಸದು, ಒಗ್ಗಿಕೊಳ್ಳುತ್ತವೆ ಎಂದ. ಹನ್ನೆರಡು ವರ್ಷದ ಹುಡುಗಿ ಅಂಗಿ ಬಿಟ್ಟು, ಮುಚ್ಚಳ ಸರಿಸಿ ತಾನೇ ಬಗ್ಗಿದಳು, ಓಕರಿಸಿಕೊಂಡು ಬಚ್ಚಲಿಗೆ ಓಡಿದಳು. ಬಂದವಳು ಬಾಯಿ ಒರೆಸಿಕೊಳ್ಳುತ್ತಾ, ಬಹಳ ಮೆತ್ತಗೆ, "ಅಪ್ಪ, ನಿಂಗೆ ವಾಸನೆ ಬರಲ್ವಾ?" ಎಂದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ನಾಲ್ಕು ವರ್ಷದಲ್ಲಿ ಯಾರೂ ಅವನನ್ನು ಅಷ್ಟು ನೇರವಾಗಿ ಕೇಳಿರಲಿಲ್ಲ. ಬರುತ್ತೆ ಎಂದ. ವರಲಕ್ಷ್ಮಿ ಬಾಗಿಲಿಗೆ ಬಂದು ಗಂಡನನ್ನು ನೋಡಿದಳು. ಅವಳ ಮುಖವನ್ನು ಓದಿಕೊಂಡು ಬದುಕಿದ್ದವನಿಗೆ ಅದನ್ನು ಓದುವುದು ಕಷ್ಟವಾಗಲಿಲ್ಲ.

ಭಾನುವಾರ ಹನ್ನೊಂದರ ಹೊತ್ತಿಗೆ ಅವನು ಎಲ್ಲ ಕಲ್ಲುಗಳನ್ನು ಎತ್ತಿ ಹೊರಗಿಟ್ಟು, ಸತ್ತದ್ದನ್ನೆಲ್ಲ ಕದಡಿದ ಲೋಳೆಯ ಜೊತೆ ಬಲೆಯಲ್ಲಿ ಬಾಚಿ ಬಕೆಟ್ಟಿಗೆ ಹಾಕಿ, ಪೈಪಿನಿಂದ ನೀರನ್ನು ಹಿತ್ತಿಲ ಚರಂಡಿಗೆ ಬಿಟ್ಟ. ಅಂಗೈ ತಿರುಗಿಸಿ ನೋಡಿದರೆ ಬೆರಳ ತುದಿಗಳು ಸುಕ್ಕುಗಟ್ಟಿ, ಬೆಳ್ಳಗಾಗಿ, ಚರ್ಮ ಎದ್ದಿತ್ತು. ಬಾಣಲೆಯಲ್ಲಿ ದಿನವಿಡೀ ಕೈಯಾಡಿಸಿ ಬಂದ ನಾರಾಯಣಮ್ಮನ ಬೆರಳುಗಳು ಹೀಗೇ ಇರುತ್ತಿದ್ದವು. ಆ ಕೈ ಮುಖಕ್ಕೆ ಬಂದರೆ ಅವನು ಕತ್ತು ತಿರುಗಿಸುತ್ತಿದ್ದ. ಅವನು ತನ್ನ ಬೆರಳನ್ನು ಮೂಗಿನ ಹತ್ತಿರ ತಂದ. ಏನೂ ಇರಲಿಲ್ಲ.

ಕಂಡಿಯಾಚೆ ಉಮರ್ ಫಾರೂಕ್ ಚರಕಗಳ ಬೋಲ್ಟು ಬಿಚ್ಚಿ, ಚೌಕಟ್ಟನ್ನು ಬೇರೆ ಮಾಡಿ, ಬಾಡಿಗೆಯ ಟೆಂಪೋಗೆ ಏರಿಸುತ್ತಿದ್ದ. ಇವನನ್ನು ನೋಡಿ ಬೆನ್ನು ತಿರುಗಿಸಿದ. ಷಮೀಮ್ ಒಲೆಯ ಇಟ್ಟಿಗೆಗಳನ್ನು ಕಿತ್ತು ಒಂದೊಂದಾಗಿ ಗೋಡೆಗೆ ಜೋಡಿಸುತ್ತಿದ್ದರು. ಕನಕರಾಜ ಕಂಡಿಯಲ್ಲಿ ಓರೆಯಾಗಿ ನಿಂತ, ದಾಟಲಿಲ್ಲ.

"ಷಮೀಮಮ್ಮ, ವಾಸನೆ ನಮ್ಮ ಮನೇದೇ."

"ಗೊತ್ತಿತ್ತು ಸಾರ್," ಎಂದರು, ಇಟ್ಟಿಗೆಯಿಂದ ತಲೆ ಎತ್ತದೆ.

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಉಮರ್ ಕೇಳಲ್ಲ, ಜಂಗಮಕೋಟೆಯಲ್ಲಿ ಅವನ ಮಾವನ ಶೆಡ್ಡಿದೆ, ಅಲ್ಲೇ ಹಾಕ್ಕೋತಾನೆ, ಅವನಿಗೆ ಕಾಗದದ ಭಯ ಎಂದು ಅವರೇ ಹೇಳಿದರು. ಕೋಪದಿಂದ ಹೇಳಲಿಲ್ಲ. ಯಾರೋ ವಿಳಾಸ ಕೇಳಿದರೆ ಹೇಳುವ ಹಾಗೆ ಹೇಳಿದರು. ಕೊನೆಯ ಇಟ್ಟಿಗೆ ಇಟ್ಟು, ಕೈ ಕೊಡವಿ, ದಾರಿ ಬಿಡಿ ಸಾರ್, ಟೆಂಪೋದವನು ಕಾಯ್ತಿದ್ದಾನೆ ಎಂದರು. ಅವನು ದಾರಿಗೆ ಅಡ್ಡವೇನೂ ನಿಂತಿರಲಿಲ್ಲ. ಆದರೂ ಸರಿದ.

ಮನೆಗೆ ಬಂದಾಗ ವರಲಕ್ಷ್ಮಿ ಕಿಟಕಿಗಳನ್ನೆಲ್ಲ ತೆರೆದು ಹಾಕಿದ್ದಳು. ವಾಸನೆ ಹೋಯ್ತಾ ಎಂದು ಅವನು ಕೇಳಿದ. ಅವಳು ಬಕೆಟ್ಟು ತೋರಿಸಿದಳು. ಅವನು ಅದನ್ನೆತ್ತಿಕೊಂಡು ಹಿತ್ತಿಲಿಗೆ ಹೋಗಿ, ಗುಂಡಿ ತೆಗೆದು, ಒಂದೊಂದನ್ನೇ ಸುರಿದ.

ಜೋಡಿ ಮೀನು ಎರಡು. ನೀಲಿ ಮೀನು ಒಂದು. ಸೀಗಡಿ ಒಂದು. ಹವಳ ಐದು ತುಂಡು. ಅನಿಮೋನ್ ಒಂದು, ಕೈಗೆ ಬಂದಷ್ಟು. ಗೋಡೆಯಾಚೆ ಚರಕ ಎರಡು. ಊರಿನಲ್ಲಿ ಅವನನ್ನು ಕನಕಾ ಎಂದು ಕರೆಯಲು ಉಳಿದಿದ್ದವರು ಒಬ್ಬರು.